ಬಾಗಿಲಲ್ಲಿ ನಿಂತವರು

ದೇವಾಲಯಕ್ಕೆ ಹೋದವರೆಲ್ಲರೂ ದೇವರನ್ನು ನೋಡಿ ಬರುತ್ತಾರೆ. ಬಾಗಿಲಲ್ಲಿ ನಿಂತವರನ್ನು ನೋಡಿಬಂದೆವೆಂದು ಹೇಳುವವರನ್ನು ನಾನು ಇದುವರೆಗೆ ಕಂಡಿಲ್ಲ. ಗರ್ಭಗೃಹದ ಎರಡು ಪಕ್ಕಗಳಲ್ಲಿಯೂ ಗದೆಯನ್ನು ಊರಿ ನಿಂತಿರುವ ದ್ವಾರಪಾಲಕರನ್ನು ನಾವು ಎರಡು ಕಂಬಗಳೆಂಬಂತೆ ಭಾವಿಸಿ, ಅವರ ನಡುವೆ ತಲೆಬಾಗಿ ಒಳಕ್ಕೆ ಇಣಿಕುತ್ತೇವೆ. ಮಂಗಳಾರತಿಯನ್ನು ಕಣ್ಣಿಗೊತ್ತಿಕೊಂಡು ಹಿಂದಿರುಗುತ್ತೇವೆ. ನಾನೂ ಹಾಗೆಯೇ ಮಾಡಿಕೊಂಡು ಬಂದವನು. ಆದರೆ 34 ವರ್ಷಗಳ ಕಾಲ ಪಾಠಶಾಲೆಗಳಲ್ಲಿ ಸಂಸ್ಕೃತವನ್ನು ಹೇಳಿಕೊಟ್ಟು ವಿಶ್ರಾಂತಿಯನ್ನು ಪಡೆದ ಮೇಲೆ, ಹೋದ ಮಾಘಮಾಸದಲ್ಲಿ ಬೇಲೂರು ಹಳೇಬೀಡುಗಳಿಗೆ ಹೊರಟಾಗ, ಈ ಸಲ ಬಾಗಿಲು ಕಾಯುವವರನ್ನೇ ನೋಡಬೇಕೆಂದು ಸಂಕಲ್ಪಿಸಿದೆನು. ಅದಕ್ಕೆ ಒಂದು ಕಾರಣವೂ ಇದ್ದಿತು; ಅದನ್ನು ಮುಂದೆ ನಿವೇದಿಸುವೆನು.

ಕಾವಲಿನ ದೇವತೆಗಳು ನಮಗೆ ಹೊಸಬರಲ್ಲ. ಮನೆಯ ಹೊಸ್ತಿಲಿಗೆ ಅರಿಸಿನ ಕುಂಕುಮವಿಡದ ಗೃಹಿಣಿಯಿಲ್ಲ. ಕಟ್ಟುತ್ತಿರುವ ಮನೆಗೆ ದೃಷ್ಟಿಬೊಂಬೆ, ಬೆಳೆದ ಹೊಲಕ್ಕೆ ಬೆದರುಬೊಂಬೆ, ಊರ ಗಡಿಗೆ ಮಾರಿಯೋ ಹನುಮಪ್ಪನೋ ಇರಲೇಬೇಕು. ತುಳುನಾಡಿನಲ್ಲಿ ಪಂಜುರ್ಲಿಯೇ ಮೊದಲಾದ ದೈವಗಳು ಮನೆಯನ್ನೂ ಗದ್ದೆಯನ್ನೂ ಕಾಯುತ್ತವೆ. ಕಾಶಿಯಂತಹ ಕಾಶಿಗೂ ಕಾಲಭೈರವನು ಕೊತ್ವಾಲನು. ಅವನ ದರ್ಶನವಿಲ್ಲದೆ ಯಾತ್ರೆಯು ಪೂರ್ಣವಾಗದೆಂದು ನಂಬಿಕೆ. ಮಹಾಭಾರತದಲ್ಲಿ ಶಕುಂತಲೆಯು ದುಷ್ಯಂತನನ್ನು ಕುರಿತು, ಯಾರೂ ನೋಡಲಿಲ್ಲವೆಂದು ತಿಳಿಯಬೇಡ, ಸೂರ್ಯಚಂದ್ರರೂ ಗಾಳಿ ಬೆಂಕಿಗಳೂ ಹಗಲಿರುಳುಗಳೂ ಮನುಷ್ಯನ ನಡತೆಯನ್ನು ಬಲ್ಲವು ಎಂಬರ್ಥದ ಮಾತನ್ನು ಆಡುತ್ತಾಳೆ. ಹೀಗೆ ಹೊಸ್ತಿಲಿನಿಂದ ಆಕಾಶದವರೆಗೆ ಕಾವಲಿನವರೇ ತುಂಬಿರುವ ದೇಶ ನಮ್ಮದು.

ಹಾಸನದಿಂದ ಬೇಲೂರಿಗೆ ಸುಮಾರು 40 ಕಿಲೋಮೀಟರು. ಬೆಳಗಿನ ಬಸ್ಸಿನಲ್ಲಿ ನಾನೂ ನಮ್ಮ ಮನೆಯವರೂ ಹೊರಟೆವು. ಬೇಲೂರಿನ ಗೋಪುರದ ಬಳಿ ಪಾದರಕ್ಷೆಗಳನ್ನು ಕಾಯುವ ಒಬ್ಬ ಮುದುಕಿ ಕುಳಿತಿದ್ದಳು. ಚೀಟಿಯಿಲ್ಲ, ಸಂಖ್ಯೆಯಿಲ್ಲ. "ಯಾವೂರಾಯ್ತು ಸ್ವಾಮಿ?" ಎಂದು ನನ್ನನ್ನು ಕೇಳಿದಳು. ಹೇಳಿದೆನು. ನಮ್ಮ ಹಿಂದೆ ಬಂದವರನ್ನೂ ಹಾಗೆಯೇ ಕೇಳಿದಳು. "ಊರು ಕೇಳಿದ್ರೆ ಮೊಕ ನೆಪ್ಪಿರ್ತದೆ, ಮೊಕ ನೆಪ್ಪಿದ್ರೆ ಜೋಡು ನೆಪ್ಪಿರ್ತದೆ" ಎಂದು ತನ್ನ ಶಾಸ್ತ್ರವನ್ನು ವಿವರಿಸಿದಳು. ನಾವು ನಕ್ಕು ಒಳಗೆ ಹೋದೆವು.

ಹೊಯ್ಸಳ ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಈ ಆಲಯವನ್ನು ಎಷ್ಟೋ ಮಂದಿ ವರ್ಣಿಸಿರುವರು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಆಲಯಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲಂತೂ ದೇಶವಿದೇಶದ ಜನರು ಬರುತ್ತಲೇ ಇರುವರು. ಎಲ್ಲರೂ ತಲೆಯೆತ್ತಿ ಮದನಿಕೆಯರನ್ನು ನೋಡುತ್ತಿದ್ದರು. ನಾನು ಬಾಗಿಲುಗಳನ್ನು ನೋಡುತ್ತ ನಡೆದೆನು. ಅಂಗಳದಲ್ಲಿ ಸ್ವಾಮಿಗೆ ಎದುರಾಗಿ ಗರುಡನು ಕೈಮುಗಿದು ನಿಂತಿರುವನು. ಬಾಗಿಲುಗಳ ಪಕ್ಕದಲ್ಲಿ ಸಳನು ಮೃಗವನ್ನು ಇರಿಯುತ್ತಿರುವನು. ಮೂಡಣ ಬಾಗಿಲಿನ ಎರಡು ಕಡೆಗಳಲ್ಲಿ ರತಿ ಮನ್ಮಥರಿರುವರು. ಭಕ್ತಿ, ಶೌರ್ಯ, ಶೃಂಗಾರ ಈ ಮೂರನ್ನೂ ದಾಟಿ ಕಂಬಗಳ ನಸುಗತ್ತಲೆಯಲ್ಲಿ ಮುಂದೆ ಹೋದರೆ, ಗರ್ಭಗೃಹದ ಬಾಗಿಲಿನಲ್ಲಿ ಜಯ ವಿಜಯರು ನಿಂತಿರುವರು.

ನಾನು ಅವರ ಮುಂದೆ ಬಹಳ ಹೊತ್ತು ನಿಂತೆನು. ಕಿರೀಟ, ಹಾರ, ಕೇಯೂರ, ನಡುಪಟ್ಟಿ, ಯಾವುದಕ್ಕೂ ಕೊರತೆಯಿಲ್ಲ. ವಿಷ್ಣುವಿನ ದ್ವಾರಪಾಲಕರು ಸ್ವಾಮಿಯ ಆಯುಧಗಳನ್ನೇ ಧರಿಸುವುದು ಶಿಲ್ಪಿಗಳ ವಾಡಿಕೆ. ಅರಿಯದವನು ಇವರನ್ನೇ ದೇವರೆಂದು ತಿಳಿದು ಕೈಮುಗಿದರೆ ಆಶ್ಚರ್ಯವಿಲ್ಲ. ಇವರ ಕಥೆಯ ಗುಟ್ಟೂ ಇಲ್ಲಿಯೇ ಇರುವುದೆಂದು ನನಗೆ ತೋರಿತು. ಒಡೆಯನ ವೇಷವನ್ನು ಬಹುಕಾಲ ಧರಿಸಿದ ಸೇವಕನಿಗೆ ತಾನು ಸೇವಕನೆಂಬುದು ಮರೆತುಹೋಗುವುದುಂಟು.

ಕಥೆಯು ವಾಚಕರಿಗೆ ತಿಳಿದದ್ದೇ. ಸನಕಾದಿ ನಾಲ್ವರು ಋಷಿಗಳು ವೈಕುಂಠಕ್ಕೆ ಬಂದರು. ವಯಸ್ಸಿನಲ್ಲಿ ಹಿರಿಯರಾದರೂ ನೋಟಕ್ಕೆ ಐದು ವರ್ಷದ ಮಕ್ಕಳಂತೆ, ದಿಗಂಬರರಾಗಿದ್ದರು. ಆರು ಬಾಗಿಲುಗಳನ್ನು ದಾಟಿದ ಅವರನ್ನು ಏಳನೆಯದರಲ್ಲಿ ಜಯ ವಿಜಯರು ಬೆತ್ತವನ್ನು ಅಡ್ಡ ಹಿಡಿದು ತಡೆದರು. ಯಾರು ನೀವು, ಏಕೆ ಬಂದಿರಿ ಎಂದು ಕೇಳಲಿಲ್ಲ. ಮೈಯ ಮೇಲಿನ ಬಟ್ಟೆಯನ್ನು ನೋಡಿ ತೀರ್ಮಾನಿಸಿದರು. ಋಷಿಗಳು ಶಪಿಸಿದರು. ಶ್ರೀಹರಿಯು ತಾನೇ ಎದ್ದು ಬಂದು, ಸೇವಕರ ತಪ್ಪು ನನ್ನದೇ ತಪ್ಪೆಂದು ಋಷಿಗಳ ಕ್ಷಮೆಯನ್ನು ಬೇಡಿದನು. ಆದರೆ ಶಾಪವನ್ನು ತಪ್ಪಿಸಲಿಲ್ಲ. ಅದರಿಂದ ಆ ಇಬ್ಬರೇ ಹಿರಣ್ಯಾಕ್ಷ ಹಿರಣ್ಯಕಶಿಪುಗಳಾಗಿಯೂ, ರಾವಣ ಕುಂಭಕರ್ಣರಾಗಿಯೂ, ಶಿಶುಪಾಲ ದಂತವಕ್ತ್ರರಾಗಿಯೂ ಮೂರು ಸಲ ಹುಟ್ಟಬೇಕಾಯಿತು.

ಹೊರಗೆ ಬಂದು ಗೋಡೆಗಳನ್ನು ನೋಡುತ್ತ ಪ್ರದಕ್ಷಿಣೆ ಮಾಡುವಾಗ, ಹಿಂದೆ ಹತ್ತು ಸಲ ನೋಡಿದ್ದರೂ ಹೊಳೆಯದಿದ್ದ ಒಂದು ವಿಷಯವು ನನಗೆ ಹೊಳೆಯಿತು. ಒಂದೆಡೆ ನರಸಿಂಹನು ಹಿರಣ್ಯಕಶಿಪುವಿನ ಕರುಳನ್ನು ಬಗೆಯುತ್ತಿರುವನು; ಮತ್ತೊಂದೆಡೆ ರಾವಣನು ಕೈಲಾಸವನ್ನು ಎತ್ತಲು ಹೆಣಗುತ್ತಿರುವನು. ಒಳಗೆ ಸ್ವಾಮಿಯ ಪಕ್ಕದಲ್ಲಿ ಆಭರಣ ತೊಟ್ಟು ನಿಂತವರೇ ಹೊರಗೋಡೆಯಲ್ಲಿ ರಾಕ್ಷಸರಾಗಿ ನಿಂತಿದ್ದಾರೆ! ಶಿಲ್ಪಿಗಳು ಇದನ್ನು ಎಣಿಸಿಯೇ ಮಾಡಿದರೆಂದು ನಾನು ಹೇಳಲಾರೆನು. ಆದರೆ ಒಂದೇ ಆಲಯದ ಒಳಗೂ ಹೊರಗೂ ಒಬ್ಬನದೇ ಎರಡು ಮುಖಗಳಿರುವುದು ಸತ್ಯ. ಬಾಗಿಲು ಕಾಯುವವನಿಗೂ ರಾಕ್ಷಸನಿಗೂ ನಡುವೆ ಇರುವುದು ಒಂದು ಗೋಡೆ ಮಾತ್ರ.

ಅಲ್ಲಿ ಜಗಲಿಯ ಮೇಲೆ ಕುಳಿತು, ಎಷ್ಟೋ ವರ್ಷಗಳಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದ ಒಂದು ಸಂಗತಿಯನ್ನು ನಮ್ಮ ಮನೆಯವರಿಗೆ ಹೇಳಿದೆನು. ಸುಮಾರು 25 ವರ್ಷಗಳ ಹಿಂದೆ ಒಂದು ಊರಿನಲ್ಲಿ ಹತ್ತನೆಯ ತರಗತಿಯ ಪರೀಕ್ಷೆಗೆ ನಾನು ಮೇಲ್ವಿಚಾರಕನಾಗಿದ್ದೆನು. ಗೊತ್ತಾದ ಹೊತ್ತು ಮೀರಿದ ಮೇಲೆ ಯಾರನ್ನೂ ಒಳಗೆ ಬಿಡಕೂಡದೆಂದು ನಿಯಮ. ಬಾಗಿಲನ್ನು ಮುಚ್ಚಬೇಕೆನ್ನುವಷ್ಟರಲ್ಲಿ ಒಬ್ಬ ಹುಡುಗನು ಓಡಿ ಬಂದನು. ಮೊಣಕಾಲಿನವರೆಗೆ ಕೆಸರು, ಗುಂಡಿಯಿಲ್ಲದ ಅಂಗಿ. ನಾನು ನನ್ನ ಕೈಗಡಿಯಾರವನ್ನು ನೋಡಿದೆನು, ಹೊತ್ತು ಮೀರಿತ್ತು. ತೋರುಬೆರಳನ್ನೆತ್ತಿ ಹೊರಗಿನ ದಾರಿಯನ್ನು ತೋರಿಸಿದೆನು. ಅವನು ಏನೋ ಹೇಳಲು ಬಾಯಿ ತೆರೆದನು, ನಾನು ತಲೆಯಲ್ಲಾಡಿಸಿದೆನು. ಸ್ವಲ್ಪ ಹೊತ್ತು ನಿಂತು ಹೊರಟುಹೋದನು.

ಅಂದು ಮಧ್ಯಾಹ್ನ ಕಚೇರಿಯ ಗಡಿಯಾರವನ್ನು ನೋಡಿದಾಗ ನನ್ನದು 3 ನಿಮಿಷ ಮುಂದಿರುವುದು ತಿಳಿಯಿತು. ಹತ್ತು ದಿನಗಳ ತರುವಾಯ ಅವನ ಊರಿನವರಿಂದ ಮತ್ತೊಂದು ವಿಷಯವೂ ತಿಳಿಯಿತು: ಹಿಂದಿನ ರಾತ್ರಿ ಅವನ ತಾಯಿಯನ್ನು ಗಾಡಿಯಲ್ಲಿ ಆಸ್ಪತ್ರೆಗೆ ಸಾಗಿಸಿ, ಅಲ್ಲಿಂದ ಗದ್ದೆಯ ಬದುಗಳ ಮೇಲೆ ನಡೆದು ಬಂದಿದ್ದನಂತೆ. ನಾನು ಅವನ ಹಳ್ಳಿಗೆ ಹೋಗುವ ವೇಳೆಗೆ ಸಂಸಾರವೆಲ್ಲ ಘಟ್ಟದ ಕಾಫಿ ತೋಟಗಳಿಗೆ ಕೂಲಿಗೆ ಹೋಗಿತ್ತು. ಮತ್ತೆ ಅವನನ್ನು ನಾನು ಕಾಣಲಿಲ್ಲ. ನಿಯಮವನ್ನು ಪಾಲಿಸಿದೆನೆಂದು ಸಮಾಧಾನ ಮಾಡಿಕೊಳ್ಳಲು ಆ 3 ನಿಮಿಷಗಳು ಬಿಡಲಿಲ್ಲ. ನಿಮಿಷಗಳ ಮಾತಿರಲಿ, ಏಕಪ್ಪ ತಡವಾಯಿತು ಎಂಬ ಒಂದು ಪ್ರಶ್ನೆಯನ್ನು ನಾನು ಕೇಳಲಿಲ್ಲ.

ನಮ್ಮ ಮನೆಯವರು ಏನೂ ಹೇಳಲಿಲ್ಲ. ಎದ್ದು ಹೋಗಿ, ತೀರ್ಥದ ಬಟ್ಟಲಿನ ಬಳಿ ಇಟ್ಟಿದ್ದ ನನ್ನ ಕನ್ನಡಕವನ್ನು ತಂದುಕೊಟ್ಟರು.

ಹಳೇಬೀಡು ಅಲ್ಲಿಂದ ಸುಮಾರು 16 ಕಿಲೋಮೀಟರು. ಬಸ್ಸಿನಲ್ಲಿ ಕುಳಿತು, ನಾನು ಓದಿದ ಕಥೆಗಳ ಕಾವಲುಗಾರರನ್ನೆಲ್ಲ ನೆನೆದೆನು. ಅರಣ್ಯಪರ್ವದಲ್ಲಿ ಕೊಳವನ್ನು ಕಾಯುವ ಯಕ್ಷನು ನೀರಿಗೆ ಬಂದವರನ್ನು ಮೊದಲು ಪ್ರಶ್ನೆ ಕೇಳುತ್ತಾನೆ. ನಾಲ್ವರು ತಮ್ಮಂದಿರು ಅದಕ್ಕೆ ಕಿವಿಗೊಡದೆ ಬಿದ್ದರು. ಧರ್ಮರಾಯನು ಉತ್ತರ ಹೇಳಿ ಎಲ್ಲರನ್ನೂ ಬದುಕಿಸಿಕೊಂಡನು. ಕೊನೆಗೆ ಆ ಕಾವಲಿನವನೇ ಯಮಧರ್ಮನೆಂದು ತಿಳಿಯಿತು. ನಮ್ಮ ಅಜ್ಜಿಯರು ರಾತ್ರಿ ಹೇಳುತ್ತಿದ್ದ ಬತ್ತೀಸಪುತ್ಥಳಿಯ ಕಥೆಯೂ ಅಂತಹುದೇ. ವಿಕ್ರಮಾದಿತ್ಯನ ಸಿಂಹಾಸನವನ್ನು ಏರಲು ಭೋಜರಾಜನು ಬಂದರೆ, ಮೆಟ್ಟಿಲುಗಳ 32 ಬೊಂಬೆಗಳು ಒಂದೊಂದಾಗಿ ಅವನನ್ನು ತಡೆಯುತ್ತವೆ. ಆದರೆ ಗದೆಯಿಂದ ತಡೆಯುವುದಿಲ್ಲ. ಕಥೆಯನ್ನು ಹೇಳಿ, ಇಂತಹ ಔದಾರ್ಯವು ನಿನ್ನಲ್ಲಿದೆಯೇ ಎಂದು ಕೇಳುತ್ತವೆ. ಅವೂ ಶಾಪದಿಂದ ಬೊಂಬೆಗಳಾದ ದೇವಸ್ತ್ರೀಯರೇ. ಕಥೆಗಳು ಮುಗಿದಾಗ ಅವರ ಶಾಪವು ತೀರಿತು. ಕೇಳದೆ ತಡೆದ ಜಯ ವಿಜಯರಿಗೆ ಶಾಪವು ತಗುಲಿತು. ಕೇಳಿ ತಡೆದ ಬೊಂಬೆಗಳಿಗೆ ಶಾಪವು ಬಿಟ್ಟಿತು. ನಮ್ಮ ಪುರಾಣಕಾರರೂ ಅಜ್ಜಿಯರೂ ಈ ವಿಷಯದಲ್ಲಿ ಒಂದೇ ಮಾತನ್ನು ಹೇಳುತ್ತಿರುವರೆಂದು ನನಗೆ ತೋರಿತು.

ಹೊಯ್ಸಳೇಶ್ವರನ ತೆಂಕಣ ಬಾಗಿಲಿನ ದ್ವಾರಪಾಲಕರು ಆಳೆತ್ತರದವರು. ಬೆರಳು ತೂರಿಸಬಹುದಾದಷ್ಟು ಬಿಡಿಸಿ ಕೆತ್ತಿದ ಆಭರಣಗಳು ಅವರ ಮೈಮೇಲಿವೆ. ಆದರೆ ಕೈಗಳು ಮುರಿದುಹೋಗಿವೆ. 1311ರಲ್ಲಿ ಮಲಿಕ್ ಕಾಫೂರನ ಸೈನ್ಯವು ದೋರಸಮುದ್ರಕ್ಕೆ ಬಂದಿತು. ಆಮೇಲೆಯೂ ಊರು ಕಷ್ಟಗಳನ್ನು ಕಂಡಿತು. ತೋರುಬೆರಳನ್ನೆತ್ತಿ ಬೆದರಿಸುವುದು ದ್ವಾರಪಾಲಕನ ಲಕ್ಷಣಗಳಲ್ಲೊಂದು. ಅದನ್ನು ಎತ್ತಲು ಇವರಿಗೆ ಕೈಯೇ ಇಲ್ಲ; ಆದರೂ ಬಾಗಿಲನ್ನು ಬಿಟ್ಟು ಹೋಗಿಲ್ಲ.

ಅದೇ ಆವರಣದಲ್ಲಿ ಒಂದು ಗರುಡಗಂಬವಿದೆ. ವೀರಬಲ್ಲಾಳನ ಅಂಗರಕ್ಷಕನಾದ ಕುವರಲಕ್ಷ್ಮನು, ದೊರೆಯು ತೀರಿಕೊಂಡಾಗ, ತಾನು ಕೊಟ್ಟ ಮಾತಿಗೆ ಕಟ್ಟುಬಿದ್ದು ಹೆಂಡತಿಯೊಡನೆಯೂ ಸಂಗಡಿಗರೊಡನೆಯೂ ಪ್ರಾಣವನ್ನು ಅರ್ಪಿಸಿದ ನೆನಪಿಗೆ ನಿಲ್ಲಿಸಿದುದು. ಕಂಬದ ಮೇಲೆ ತಮ್ಮ ಕತ್ತನ್ನು ತಾವೇ ಅರಿದುಕೊಳ್ಳುವ ವೀರರ ರೂಪಗಳಿವೆ. ಅಂದಿನ ಸ್ವಾಮಿಭಕ್ತಿಗೆ ತಲೆಬಾಗಬೇಕು. ಆದರೆ ನಮ್ಮ ಮನೆಯವರು ಬಹಳ ಹೊತ್ತು ನೋಡಿ, "ಕಾಯುವವರು ಸಾಯಬೇಕಾಗಿಲ್ಲ, ಬಂದವರನ್ನು ಒಂದು ಮಾತು ಕೇಳಿದರೆ ಸಾಕು" ಎಂದರು. ಬೆಳಿಗ್ಗೆ ಅವರು ಮಾತಾಡದಿದ್ದುದರ ಉತ್ತರವು ಇದೆಂದು ನಾನು ತಿಳಿದುಕೊಂಡೆನು.

ಸಂಜೆಯ ಬಸ್ಸಿಗೆ ಕಾಯುವಾಗ ಅವರೇ ಮತ್ತೆ ಹೇಳಿದರು: "ಜಯ ವಿಜಯರಿಗೆ ಮೂರು ಜನ್ಮ ಬೇಕಾಯಿತು. ನಿಮಗೆ ಈ ಜನ್ಮದಲ್ಲಿಯೇ ಇನ್ನೂ ಸ್ವಲ್ಪ ಕಾಲ ಉಳಿದಿದೆಯಲ್ಲವೇ?"

ಈಗ ನಮ್ಮ ಮನೆಯ ಜಗಲಿಯಲ್ಲಿ ಪ್ರತಿ ಸಂಜೆ ಏಳೆಂಟು ಮಕ್ಕಳು ಓದಲು ಬರುತ್ತಾರೆ. ಹಣದ ಪಾಠವಲ್ಲ. ತಡವಾಗಿ ಬರುವವರೂ ಇದ್ದಾರೆ. ಒಬ್ಬನು ಎಮ್ಮೆಯನ್ನು ಕಟ್ಟಿ ಬರಬೇಕು, ಒಬ್ಬಳು ತಮ್ಮನನ್ನು ಮಲಗಿಸಿ ಬರಬೇಕು. ಬಾಗಿಲಲ್ಲಿ ಕುಳಿತಿರುವ ನಾನು ಬೇಲೂರಿನ ಮುದುಕಿಯ ಶಾಸ್ತ್ರವನ್ನು ಅನುಸರಿಸುತ್ತಿದ್ದೇನೆ: ಮೊದಲು ಕೇಳುವುದು, ಆಮೇಲೆ ಮಿಕ್ಕದ್ದು. ಅಂದ ಹಾಗೆ, ಅಂದು ನಾವು ಆಲಯದಿಂದ ಹೊರಗೆ ಬಂದಾಗ, ಅಷ್ಟು ಜನರ ನಡುವೆಯೂ ಅವಳು ನಮ್ಮ ಊರಿನ ಹೆಸರನ್ನು ಹೇಳಿ, ನಮ್ಮ ಜೋಡುಗಳನ್ನು ತಪ್ಪದೆ ಮುಂದಿಟ್ಟಳು.