ಮೂರು ಆಳಿನ ಮಷೀನು

ಟೀ ಶರ್ಟಿಗೆ ಪ್ರಿಂಟ್ ಹೊಡೆಯುವ ಆಟೋಮ್ಯಾಟಿಕ್ ಮಷೀನಿಗೆ ನಮ್ಮ ಪೀಣ್ಯದ ಶೆಡ್ಡಿನಲ್ಲಿ ಬರೀ ‘ಆಟೋ’ ಅಂತೀವಿ. ಅದಕ್ಕೆ ಮೂರು ಜನ ಬೇಕು. ಬಟ್ಟೆ ಹಾಕುವವನೊಬ್ಬ, ತೆಗೆಯುವವನೊಬ್ಬ, ಡ್ರೈಯರಿನ ಬಾಯಲ್ಲಿ ನಿಂತು ಬಂದದ್ದನ್ನು ನೋಡಿ ಮಡಿಸುವವನೊಬ್ಬ. 2024ರ ಅಕ್ಟೋಬರ್ ಕೊನೆಗೆ ಆ ಮೂವರೂ ನಾನೇ ಆಗಬೇಕಾಯಿತು.

ಆ ವರ್ಷ ಕ್ಯಾಲೆಂಡರೇ ಹಾಗೆ ಬಿದ್ದಿತ್ತು. ಅಕ್ಟೋಬರ್ 31 ನರಕ ಚತುರ್ದಶಿ, ನವೆಂಬರ್ 1 ರಾಜ್ಯೋತ್ಸವ, ಮಾರನೇ ದಿನ ಬಲಿಪಾಡ್ಯಮಿ. ನಮ್ಮ ಕೆಲಸಕ್ಕೆ ರಾಜ್ಯೋತ್ಸವವೇ ಸುಗ್ಗಿ. ಬಡಾವಣೆಯ ಸಂಘಗಳು, ಐಟಿ ಕಂಪನಿಗಳ ಕನ್ನಡ ಬಳಗಗಳು, ಎಲ್ಲರಿಗೂ ಕಪ್ಪು ಟೀ ಶರ್ಟಿನ ಮೇಲೆ ಹಳದಿ ಕೆಂಪು ಬೇಕು, ಎಲ್ಲರಿಗೂ ಒಂದೇ ದಿನಕ್ಕೆ ಬೇಕು. ಇತ್ತ ನಮ್ಮ ಹೆಲ್ಪರ್ ಹುಡುಗರು ಬಿಹಾರದವರು. ಅವರಿಗೆ ದೀಪಾವಳಿ, ಅದರ ಬೆನ್ನಿಗೇ ಛಠ್ ಪೂಜೆ. ರೈಲು ಟಿಕೆಟ್ ಸಿಕ್ಕಿದ್ದೇ ಹೊರಟರು. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಊರಲ್ಲಿ ಜಾತ್ರೆ ಅಂದರೆ ನಾನೂ ಕುಣಿಗಲ್ ಬಸ್ಸು ಹತ್ತುವವನೇ. ಉಳಿದದ್ದು 2,400 ಪೀಸಿನ ಆರ್ಡರು ಮತ್ತು ನಾನು. ‘ಮಷೀನು ತಾನೇ ತಿರುಗುತ್ತಲ್ಲ, ನೀನು ಹಾಕಿ ತೆಗೆದರಾಯ್ತು’ ಅಂದರು ಓನರು.

ತಾನೇ ತಿರುಗುತ್ತೆ, ನಿಜ. ಕಷ್ಟ ಇರುವುದೇ ಅಲ್ಲಿ. ಕೈಯಲ್ಲೇ ಪ್ರಿಂಟ್ ಹೊಡೆಯುವ ಟೇಬಲ್ಲಾದರೆ ನಾನು ನಿಲ್ಲಿಸಿದರೆ ಕೆಲಸವೂ ನಿಲ್ಲುತ್ತೆ. ಬೀಡಿ ಸೇದಿ ಬಂದು ಬಿಟ್ಟಲ್ಲಿಂದ ಹಿಡಿಯಬಹುದು. ಆಟೋ ಯಾರಿಗೂ ಕಾಯುವುದಿಲ್ಲ. ನಮ್ಮದು ಆರು ಕಲರ್, ಎಂಟು ಪ್ಯಾಲೆಟ್, ಅಂದರೆ ತಿರುಗುವ ಎಂಟು ಕೈಗಳ ಮೇಲಿನ ಬಟ್ಟೆ ಹಾಸುವ ಹಲಗೆಗಳು. ಮೊದಲನೇ ಜಾಗದಲ್ಲಿ ಬಟ್ಟೆ ಹಾಕಬೇಕು. ಎರಡರಲ್ಲಿ ಬಿಳಿ ಬೀಳುತ್ತೆ. ಕಪ್ಪಿನ ಮೇಲೆ ನೇರ ಹಳದಿ ಹೊಡೆದರೆ ಅದು ಹಸಿರು ಹಸಿರಾಗಿ ಮಂಕಾಗುತ್ತೆ, ಅದಕ್ಕೇ ಅಡಿಗೆ ಬಿಳಿ. ಮೂರರಲ್ಲಿ ಫ್ಲಾಶ್, ಅಂದರೆ ಬಿಳಿಯನ್ನು ಅರೆಬರೆ ಒಣಗಿಸುವ ಕಾದ ಪ್ಯಾನೆಲ್ಲು. ನಾಲ್ಕು ಖಾಲಿ, ಆರಲಿಕ್ಕೆ. ಐದು ಹಳದಿ, ಆರು ಕೆಂಪು, ಏಳು ಖಾಲಿ, ಎಂಟರಲ್ಲಿ ತೆಗೆಯಬೇಕು. ಹಾಕುವ ಜಾಗವೂ ತೆಗೆಯುವ ಜಾಗವೂ ಅಕ್ಕಪಕ್ಕ, ಹಾಗಾಗಿ ಒಬ್ಬನೇ ಮಾಡಬಹುದು ಅಂತ ನೋಡಿದವರಿಗೆಲ್ಲ ಅನ್ನಿಸುತ್ತೆ.

ಆದರೆ ಪ್ಲಾಸ್ಟಿಸಾಲ್ ಇಂಕು ಗಾಳಿಗೆ ಒಣಗುವ ಜಾತಿಯದಲ್ಲ. ಸುಮಾರು 160 ಡಿಗ್ರಿ ಶಾಖ ತಾಗುವ ತನಕ ಅದು ಹಸಿಯೇ. ಪ್ರಿಂಟ್ ಆದ ಶರ್ಟನ್ನು ಗಮ್ ಹಚ್ಚಿದ ಪ್ಯಾಲೆಟ್ಟಿನಿಂದ ಬಿಡಿಸುವಾಗ ಎಷ್ಟೇ ಹುಷಾರಾಗಿ ಭುಜದ ಹತ್ತಿರ ಹಿಡಿದರೂ ಹತ್ತಕ್ಕೊಂದು ಸಲ ಬೆರಳ ತುದಿಗೆ ಹಳದಿ ಅಂಟುತ್ತೆ. ಅದೇ ಬೆರಳಲ್ಲಿ ಮುಂದಿನ ಕಪ್ಪು ಶರ್ಟನ್ನು ಹಿಡಿದೆಯೋ, ಕಾಲರಿನ ಕೆಳಗೆ ಹೆಬ್ಬೆಟ್ಟಿನ ಗುರುತು. ಹಾಕುವವನ ಕೈ ಚೊಕ್ಕವಾಗಿರಲಿ ಅಂತಲೇ ತೆಗೆಯಲು ಬೇರೆ ಆಳು ಇರುವುದು. ನಾನು ಸೊಂಟಕ್ಕೆ ಎರಡು ಬಟ್ಟೆ ಸಿಕ್ಕಿಸಿಕೊಂಡೆ, ಒಂದು ಒದ್ದೆ, ಒಂದು ಒಣ. ತೆಗೆ, ಡ್ರೈಯರಿನ ಬೆಲ್ಟಿನ ಮೇಲೆ ಹರಡು, ಕೈ ಒರೆಸು, ಇನ್ನೊಂದು ಎತ್ತು, ಕಾಲರಿನ ನಡುವನ್ನು ಪ್ಯಾಲೆಟ್ಟಿನ ಗೆರೆಗೆ ಕೂಡಿಸು, ಅಂಚು ಎಳೆ, ಅಂಗೈಯಲ್ಲಿ ಸವರು. ಅಷ್ಟರಲ್ಲಿ ಗಾಳಿ ಬುಸ್ ಅಂದು ಎಂಟೂ ಕೈಗಳು ಒಂದು ಮನೆ ಮುಂದಕ್ಕೆ ಹೋಗುತ್ತವೆ. ಹಾಕಲು ಆಗಲಿಲ್ಲವೋ, ಸ್ಕಿಪ್ ಬಟನ್ ಒತ್ತಬೇಕು, ಇಲ್ಲದಿದ್ದರೆ ಇಂಕು ಬರೀ ಪ್ಯಾಲೆಟ್ಟಿಗೆ ಬೀಳುತ್ತೆ. ಅದನ್ನು ಕೆರೆದು, ಒರೆಸಿ, ಮತ್ತೆ ಗಮ್ ಹಚ್ಚುವಷ್ಟರಲ್ಲಿ ಕಾಲು ಗಂಟೆ ಹೋಗುತ್ತೆ.

ಮೂವರಿದ್ದಾಗ ಎಂಟು ಸೆಕೆಂಡಿಗೊಂದು, ಗಂಟೆಗೆ 450 ಪೀಸು. ನಾನು ಹದಿನೆಂಟು ಸೆಕೆಂಡಿಗೆ ಇಳಿಸಿದೆ. ನಿಧಾನ ಮಾಡಿದರೆ ಸುಲಭ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ಹಾಗಲ್ಲ. ಎಂಟು ಸೆಕೆಂಡಿಗೆ ಹೊಂದಿಸಿದ ಪ್ಯಾನೆಲ್ಲಿನ ಕೆಳಗೆ ಶರ್ಟು ಹದಿನೆಂಟು ಸೆಕೆಂಡು ನಿಂತರೆ ಅಡಿಯ ಬಿಳಿ ಪೂರ್ತಿ ಬೆಂದುಬಿಡುತ್ತೆ. ಬೆಂದ ಬಿಳಿಗೆ ಹಳದಿ ಹಿಡಿಯುವುದಿಲ್ಲ. ನೋಡಲಿಕ್ಕೆ ಚೆನ್ನಾಗಿದ್ದು, ಒಗೆತದಲ್ಲಿ ಪದರ ಎದ್ದು ಬರುತ್ತೆ. ಶಾಖ ಇಳಿಸಿದೆ, ಪ್ಯಾನೆಲ್ಲನ್ನು ಮೇಲಕ್ಕೆತ್ತಿದೆ, ಬೆರಳಿಟ್ಟು ನೋಡಿದೆ. ಮುಟ್ಟಿದರೆ ಅಂಟಬಾರದು, ಆದರೆ ಜಿಗುಟು ಇರಬೇಕು. ಪ್ಯಾಲೆಟ್ಟುಗಳು ಸುತ್ತು ಸುತ್ತಿಗೆ ಕಾಯುತ್ತಾ ಹೋಗುವುದರಿಂದ ಆ ಹದ ಗಂಟೆಗೊಮ್ಮೆ ತಪ್ಪುತ್ತಿತ್ತು. ಲೆಕ್ಕದ ಪ್ರಕಾರ ಹನ್ನೆರಡು ಗಂಟೆಯ ಕೆಲಸ. ಇಂಕು ತುಂಬುವುದು, ಸ್ಕ್ರೀನ್ ಒರೆಸುವುದು, ಬಂಡಲ್ ಬಿಚ್ಚುವುದು ಆ ಲೆಕ್ಕದಲ್ಲಿ ಬರುವುದಿಲ್ಲ.

ಕೈ ಇಲ್ಲ ಅನ್ನುವುದಕ್ಕಿಂತ ಕಣ್ಣು ಇಲ್ಲ ಅನ್ನುವುದೇ ನನ್ನನ್ನು ಹೆಚ್ಚು ಸುಸ್ತು ಮಾಡಿತು. ಬಟ್ಟೆ ಹಾಕುವವನಿಗೆ ಡ್ರೈಯರಿನ ಆ ತುದಿ ಕಾಣುವುದಿಲ್ಲ. ಅಲ್ಲಿ ಶರ್ಟುಗಳು ಒಂದರ ಮೇಲೊಂದು ಪೆಟ್ಟಿಗೆಗೆ ಬೀಳುತ್ತಾ ಇರುತ್ತವೆ. ನಡುವೆ ಓಡಿಹೋಗಿ ನೋಡಿದರೆ ‘ಕರ್ನಾಟಕ’ದ ‘ಟ’ದ ಕೆಳಗೆ ಸಾಸಿವೆ ಗಾತ್ರದ ಹಳದಿ ಚುಕ್ಕಿ. ಸ್ಕ್ರೀನಿಗೆ ಬಳಿದ ಎಮಲ್ಷನ್ ಪದರದಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದರೆ ಹೀಗಾಗುತ್ತೆ; ಆ ತಿಂಗಳ ಮಳೆಯ ತೇವಕ್ಕೆ ಎಮಲ್ಷನ್ ಸರಿಯಾಗಿ ಒಣಗುತ್ತಲೂ ಇರಲಿಲ್ಲ. ಟೇಪು ಹಚ್ಚಿದರೆ ತೂತು ಮುಚ್ಚಿತು. ಆದರೆ ಹಿಂದಿನ ಸಲ ನೋಡಿ ಬಂದ ಮೇಲೆ ಬಿದ್ದ ಅಷ್ಟೂ ಶರ್ಟಿನಲ್ಲಿ ಅದೇ ಚುಕ್ಕಿ. ಮೂರನೆಯವನಿದ್ದಿದ್ದರೆ ಮೊದಲನೆಯದಕ್ಕೇ ‘ಅಣ್ಣಾ, ನಿಲ್ಲಿಸು’ ಅಂತ ಕೂಗುತ್ತಿದ್ದ. ಅವನ್ನೆಲ್ಲ ಪಕ್ಕಕ್ಕಿಟ್ಟು, ಬೆಳಗಿನ ಜಾವ ಕೆಮಿಕಲ್ ಚಿಮ್ಮುವ ಸ್ಪಾಟ್ ಗನ್ನಿನಲ್ಲಿ ಒಂದೊಂದೇ ಚುಕ್ಕಿ ಹಾರಿಸುತ್ತಾ ಕೂತೆ. ಆ ಕೆಮಿಕಲ್ಲಿನ ವಾಸನೆಗೆ ತಲೆ ಸಿಡಿಯುತ್ತಿತ್ತು. ಸಾರನ್ನದ ಡಬ್ಬಿ ಮುಚ್ಚಳ ತೆಗೆಯದೆ ಹುಳಿ ಬಂದಿತ್ತು.

ಭಯವೂ ಇತ್ತು, ಸುಳ್ಳೇಕೆ. ತಿರುಗುವ ಕೈಗೆ ಅಂಗಿಯ ತೋಳು ಸಿಕ್ಕಿಕೊಂಡರೆ ಎಮರ್ಜೆನ್ಸಿ ಸ್ವಿಚ್ಚು ನನ್ನ ಅಳತೆಗೆ ಸಿಗುವುದಿಲ್ಲ, ಅದು ಪ್ಯಾನೆಲ್ ಬೋರ್ಡಿನ ಆ ಬದಿಗಿದೆ. ಶಟರ್ ಅರ್ಧ ಎತ್ತಿಟ್ಟು, ಪಕ್ಕದ ಶೆಡ್ಡಿನ ವಾಚ್‌ಮ್ಯಾನಿಗೆ ‘ಗಂಟೆಗೊಂದು ಸಲ ಕೂಗಿ ನೋಡಪ್ಪ’ ಎಂದೆ. ಟೀ ಕೊಡಿಸುತ್ತೇನೆ ಅಂತ ನಾನು ಅಂದ ಮೇಲೆ ಅವನು ಅರ್ಧ ಗಂಟೆಗೊಮ್ಮೆ ಕೂಗತೊಡಗಿದ.

ಆ ಅಕ್ಟೋಬರಿನಲ್ಲಿ ಬೆಂಗಳೂರಿಗೆ ಎಂಥಾ ಮಳೆ ಹಿಡಿದಿತ್ತು ಅಂತ ಇಲ್ಲಿದ್ದವರಿಗೆ ನೆನಪಿರುತ್ತೆ. ಕರೆಂಟು ಹೋಗುವುದು ಹೊಸದಲ್ಲ. ಆದರೆ ಅದು ಹೋಗಿದ್ದು ರಾತ್ರಿ ಎರಡರ ಮೇಲೆ, ಎಂಟೂ ಪ್ಯಾಲೆಟ್ಟು ತುಂಬಿ, ಡ್ರೈಯರಿನೊಳಗೂ ಶರ್ಟಿದ್ದಾಗ. ಕರೆಂಟು ಹೋದರೆ ಬೆಲ್ಟು ನಿಲ್ಲುತ್ತೆ, ಶಾಖ ನಿಲ್ಲುವುದಿಲ್ಲ. ಒಳಗಿನ ಬಟ್ಟೆ ಅಲ್ಲೇ ಬೇಯುತ್ತೆ. ಅದಕ್ಕೊಂದು ಕೈ ಹಿಡಿ ಇದೆ, ತಿರುಗಿಸಿ ಬೆಲ್ಟನ್ನು ಹೊರಗೆ ಎಳೆದುಕೊಳ್ಳಬೇಕು. ಇತ್ತ ಫ್ಲಾಶ್ ಪ್ಯಾನೆಲ್ಲಿನ ಕೆಳಗೂ ಒಂದು ಶರ್ಟು ನಿಂತಿದೆ, ಆ ಪ್ಯಾನೆಲ್ಲೂ ಆರಲಿಕ್ಕೆ ಎಷ್ಟೋ ಹೊತ್ತು ಬೇಕು. ಎರಡೂ ಕಡೆ ಅದೇ ಕ್ಷಣ ಹೋಗಬೇಕು. ಮೂವರಿದ್ದರೆ ಯಾರೂ ಯಾರಿಗೂ ಹೇಳಬೇಕಾಗಿಲ್ಲ, ಅವರವರ ಜಾಗಕ್ಕೆ ಅವರವರು ಹಾರುತ್ತಾರೆ. ಕತ್ತಲಲ್ಲಿ ಫೋನಿನ ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನಾನು ಮೊದಲು ಪ್ಯಾನೆಲ್ಲಿನ ಕಡೆ ಹೋದೆ. ಅಲ್ಲಿ ಬೆಂಕಿ ಹತ್ತಿದರೆ ಪಕ್ಕದಲ್ಲೇ ಇಂಕಿನ ಡಬ್ಬಗಳು. ಸ್ಟ್ಯಾಂಡನ್ನು ಹೊರಗೆಳೆಯುವಾಗ ಮುಂಗೈ ತಗುಲಿ ಚುರ್ ಅಂತು. ಮೇನ್ ಸ್ವಿಚ್ ಇಳಿಸಿದೆ, ಕರೆಂಟು ತಟ್ಟನೆ ಬಂದು ಮಷೀನು ಅಲ್ಲಾಡಬಾರದು ಅಂತ. ಆಮೇಲೆ ಡ್ರೈಯರಿನ ಹಿಡಿ. ಹೊಗೆಯ ವಾಸನೆ ಆಗಲೇ ಬಂದಿತ್ತು. ಹೊರಬಂದ ಶರ್ಟುಗಳ ಕಪ್ಪು ಕಂದಾಗಿ, ಕೆಂಪು ಬಣ್ಣ ಗುಳ್ಳೆ ಎದ್ದಿತ್ತು.

ಮುಂಗೈಯನ್ನು ನಲ್ಲಿಯ ಕೆಳಗೆ ಹಿಡಿದು ನಿಂತಾಗ ವಾಚ್‌ಮ್ಯಾನ್ ಶಟರಿನಡಿ ಬಗ್ಗಿ, ‘ಏನಣ್ಣ, ಅಡುಗೆ ಸೀದುಹೋಯ್ತಾ?’ ಅಂದ. ಸಿಟ್ಟೂ ಬಂತು, ನಗುವೂ ಬಂತು. ನಾಲ್ಕರ ಹೊತ್ತಿಗೆ ಕರೆಂಟು ಬಂತು. ಇಂಕು ಪ್ಲಾಸ್ಟಿಸಾಲ್ ಆಗಿದ್ದಕ್ಕೆ ಬಚಾವಾದೆ. ವಾಟರ್ ಬೇಸ್ ಆಗಿದ್ದರೆ ಅಷ್ಟು ಹೊತ್ತಿಗೆ ಸ್ಕ್ರೀನುಗಳೆಲ್ಲ ಒಣಗಿ ಕೂತಿರುತ್ತಿದ್ದವು.

ಹಬ್ಬದ ಬೆಳಗ್ಗೆ ಟೆಂಪೋ ಬಂತು. ಸುಟ್ಟದ್ದು, ಚುಕ್ಕಿ ಹೋಗದ್ದು ಕಳೆದು ಲೆಕ್ಕ ಕಡಿಮೆ ಬಿದ್ದಿತ್ತು. ಆರ್ಡರ್ ತಂದಿದ್ದ ಏಜೆಂಟು ಓನರ ಜೊತೆ ಫೋನಿನಲ್ಲಿ ಕೂಗಾಡಿದ, ನನ್ನ ಹತ್ತಿರ ಏನೂ ಅನ್ನಲಿಲ್ಲ. ಓನರು ಬಂದು ರಿಜೆಕ್ಷನ್ ರಾಶಿ ನೋಡಿದರು, ನನ್ನ ಕೈ ನೋಡಿದರು, ಬರ್ನಾಲ್ ತರಿಸಿದರು. ಓಟಿ ಹಣದ ಮಾತು ಮುಂದಿನ ತಿಂಗಳಿಗೆ ಹೋಯಿತು. ಎರಡು ವಾರ ಬಲಗೈ ಮಣಿಕಟ್ಟಿನ ನೋವಿಗೆ ಲೋಟ ಎತ್ತಲಾಗಲಿಲ್ಲ.

ಡಿಸೆಂಬರಿನ ಆರ್ಡರುಗಳು ಶುರುವಾದಾಗ, ಒಬ್ಬನೇ ಓಡಿಸು ಅಂತ ಓನರು ಮತ್ತೆ ಅದೇ ಮಾತು ತೆಗೆದರು. ಡ್ರೈಯರಿನ ತುದಿಗೆ ಒಬ್ಬ ನಿಲ್ಲದಿದ್ದರೆ ಮೇನ್ ಹಾಕುವುದಿಲ್ಲ ಎಂದೆ. ಒಂದು ಪೀಸಿಗೆ ಎಷ್ಟು ಬೀಳುತ್ತೆ ಗೊತ್ತಾ ಅಂತ ಕೇಳಿದರು. ಸುಟ್ಟ ಶರ್ಟಿಗೆ ಎಷ್ಟು ಬಿತ್ತು ಅಂತ ನಾನೂ ಕೇಳಿದೆ. ಈಗ ತುದಿಯಲ್ಲಿ ಒಬ್ಬ ಹುಡುಗ ನಿಲ್ಲುತ್ತಾನೆ, ಪಿಯುಸಿ ಬಿಟ್ಟವನು. ಶರ್ಟು ಮಡಿಸಲು ಇನ್ನೂ ಬರುವುದಿಲ್ಲ, ರೀಲ್ಸ್ ನೋಡುವುದು ಬಿಟ್ಟಿಲ್ಲ. ಚುಕ್ಕಿ ಕಂಡರೆ ಮಾತ್ರ ಶೆಡ್ಡು ಹಾರುವಂತೆ ಕೂಗುತ್ತಾನೆ.