ಹಸಿರು ಗಿಡ, ಜೊಳ್ಳು ಕಾಯಿ

ಚಳ್ಳಕೆರೆ ಸೀಮೆಯ ಕೆಂಪು ಹೊಲ. ಸೆಪ್ಟೆಂಬರ್ ಎರಡನೇ ವಾರ. ಮಘೆ ಮಳೆ ಕೈಕೊಟ್ಟಿದೆ, ಹುಬ್ಬೆ ಬರೀ ಮೋಡ ತೋರಿಸಿ ಹೋಗಿದೆ. ಬೆಳಗಿನ ಹತ್ತು ಗಂಟೆಗೇ ಶೇಂಗಾ ಎಲೆಗಳು ಬಿಸಿಲಿಗೆ ಅಂಜಿ ಮಡಚಿಕೊಂಡಿವೆ. ಆದರೂ ರಸ್ತೆಯಿಂದ ನೋಡಿದವರಿಗೆ ಹೊಲ ಹಸಿರಾಗಿಯೇ ಕಾಣುತ್ತದೆ. ಬದು ದಾಟಿ ಒಳಗೆ ಬನ್ನಿ.

ಹೊಲದೊಡತಿ ಒಂದು ಗಿಡದ ಬುಡ ಹಿಡಿದು ಎಳೆಯುತ್ತಾರೆ. ಬರುವುದಿಲ್ಲ, ನೆಲ ಅಷ್ಟು ಬಿಗಿದಿದೆ. ಕುಡುಗೋಲಿನ ತುದಿಯಿಂದ ಸುತ್ತ ಕೆದಕಿ, ಬೇರು ಹರಿಯದಂತೆ ಮೇಲೆತ್ತುತ್ತಾರೆ. ನೇರಳೆ ಬಣ್ಣದ ಸೂಜಿಗಳು ಕಾಣುತ್ತವೆ. ಹೂವು ಬಾಡಿದ ಮೇಲೆ ಇವು ಮಣ್ಣಿಗಿಳಿದು ಕಾಯಿಯಾಗಬೇಕು. ಕೆಲವು ಇಳಿದಿವೆ, ಉಳಿದವು ಗಟ್ಟಿ ನೆಲಕ್ಕೆ ತಾಗಿ, ತುದಿ ಒಣಗಿ ನಿಂತಿವೆ.

“ಬಿತ್ತುವಾಗ ಡಿಎಪಿ ಹಾಕಿದ್ವಲ್ಲವ್ವ?” ಎನ್ನುತ್ತಾನೆ ಮಗ.

“ಹಾಕಿದ್ದು ಎಲ್ಲೂ ಹೋಗಿಲ್ಲ ಕಣೋ. ನೀರಿಲ್ದೆ ಗಿಡಕ್ಕೆ ಸೇರ್ತಿಲ್ಲ.”

ಅವರು ಹೇಳಿದ್ದು ಅಕ್ಷರಶಃ ನಿಜ. ಗೋದಾಮಿನಲ್ಲಿ ಅಕ್ಕಿ ತುಂಬಿದ್ದರೂ ಬಂಡಿ ಹೊರಡದಿದ್ದರೆ ಊರು ಉಪವಾಸ ತಾನೆ? ಮಣ್ಣಿನಲ್ಲಿ ಆ ಬಂಡಿ ನೀರು. ಡಿಎಪಿಯಲ್ಲಿರುವ ರಂಜಕ ಮಣ್ಣಿನ ಕಣಗಳಿಗೆ ಅಂಟಿದ ತೆಳುವಾದ ನೀರಿನ ಪದರದಲ್ಲೇ ನಿಧಾನವಾಗಿ ಸರಿದು ಬೇರನ್ನು ಮುಟ್ಟಬೇಕು. ಮಣ್ಣು ಒಣಗಿದಂತೆ ಆ ಪದರ ಅಲ್ಲಲ್ಲಿ ಕಡಿದುಹೋಗುತ್ತದೆ. ಪೊಟ್ಯಾಷ್‌ ಗತಿಯೂ ಅದೇ.

ಈಗ ಬೇರಿನ ಮೇಲಿರುವ ಗಂಟೊಂದನ್ನು ಉಗುರಿನಿಂದ ಸೀಳಿ ನೋಡಿ. ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ರೈಜೋಬಿಯಂ ಅಣುಜೀವಿಗಳ ಮನೆ ಅದು. ಕೆಲಸ ನಡೆದಿದ್ದರೆ ಒಳಗೆ ನಸುಗೆಂಪು ಇರಬೇಕಿತ್ತು. ಇಲ್ಲಿ ಮಾಸಲು ಕಂದು. ಸಾರಜನಕದ ದಾರಿಯೂ ಮುಚ್ಚುತ್ತಿದೆ.

ಮಗ ಕಾಯೊಂದನ್ನು ಒತ್ತುತ್ತಾನೆ. ಸಿಪ್ಪೆ ಪೂರ್ತಿ ಬೆಳೆದಿದೆ, ಒಳಗೆ ಬೀಜವಿಲ್ಲ. ಜೊಳ್ಳು.

ಶೇಂಗಾದ ನಿಜವಾದ ಸಂಕಟ ಇರುವುದು ಇಲ್ಲಿ. ಬೀಜ ತುಂಬಲು ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ ಬೇಕು. ಬೇರು ಹೀರಿದ ಕ್ಯಾಲ್ಸಿಯಂ ನೀರಿನ ಜೊತೆ ಎಲೆಗೆ ಏರುತ್ತದೆ. ಅಲ್ಲಿಂದ ಕೆಳಗಿನ ಕಾಯಿಗೆ ಇಳಿದು ಬರುವುದು ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಸೂಜಿ ಮತ್ತು ಎಳೆಗಾಯಿ ತಮ್ಮ ಸುತ್ತಲಿನ ಮಣ್ಣಿನಿಂದ ತಾವೇ ಅದನ್ನು ಹೀರಿಕೊಳ್ಳಬೇಕು. ತಾಯಿಬೇರು ಆಳದ ತೇವ ಹುಡುಕಿ ಗಿಡವನ್ನು ಹಸಿರಾಗಿ ಉಳಿಸೀತು. ಆದರೆ ಕಾಯಿ ಕೂತಿರುವ ಮೇಲಿನ ನಾಲ್ಕು ಬೆರಳು ಮಣ್ಣು ಒಣಗಿದರೆ ಆ ಕಾಯಿಗೆ ದಿಕ್ಕಿಲ್ಲ.

ಎಕರೆಗೆ 200 ಕೆಜಿಯಷ್ಟು ಜಿಪ್ಸಮ್ ಅನ್ನು ಹೂ ಬಿಡುವ ಹೊತ್ತಿಗೆ ಗಿಡದ ಬುಡಕ್ಕೆ ಕೊಟ್ಟು ಮಣ್ಣೇರಿಸಿ ಎಂದು ಕೃಷಿ ತಜ್ಞರು ಹೇಳುವುದು ಇದಕ್ಕೇ. ಅದರಿಂದ ಕ್ಯಾಲ್ಸಿಯಂ ಜೊತೆಗೆ ಎಣ್ಣೆಯಂಶಕ್ಕೆ ಬೇಕಾದ ಗಂಧಕವೂ ಸಿಗುತ್ತದೆ. ಆದರೆ ಜಿಪ್ಸಮ್ ಕರಗುವುದಕ್ಕೂ ತೇವ ಬೇಕು. ಹಸಿ ಇರುವಾಗಲೇ ಹಾಕಬೇಕು, ಆ ಹಸಿ ಆರದಂತೆ ಕಾಯಬೇಕು: ಇಳಿಜಾರಿಗೆ ಅಡ್ಡಲಾಗಿ ಬಿತ್ತನೆ, ಸಾಲುಗಳ ನಡುವೆ ನೀರು ಹಿಡಿಯುವ ಹರಿ, ಕೊಟ್ಟಿಗೆ ಗೊಬ್ಬರ, ಬೇಸಿಗೆಯಲ್ಲಿ ಹೊಡೆಸಿದ ಕೆರೆಗೋಡು. ಕೃಷಿ ಹೊಂಡದಲ್ಲಿ ನೀರಿದ್ದರೆ ಸೂಜಿ ಇಳಿಯುವಾಗ ಒಮ್ಮೆ, ಕಾಯಿ ಕಟ್ಟುವಾಗ ಒಮ್ಮೆ ಕೊಟ್ಟ ತೆಳುವಾದ ನೀರಿಗೆ ಬೆಲೆ ಕಟ್ಟಲಾಗದು.

ಬರ ಸಮೀಕ್ಷೆಗೆ ಬರುವವರೂ ಈ ಹೊಲಕ್ಕೆ ಇಳಿಯಬೇಕು. ಜೀಪಿನಿಂದ ಕಾಣುವ ಹಸಿರು ಇಲ್ಲಿ ಸಾಕ್ಷಿಯಾಗಲಾರದು. ಗಿಡ ಕಿತ್ತು, ಕಾಯಿ ಒಡೆದು, ಜೊಳ್ಳೆಷ್ಟು ಗಟ್ಟಿಯೆಷ್ಟು ಎಂದು ಎಣಿಸಿದರೆ ಮಾತ್ರ ಈ ರೈತರ ನಷ್ಟದ ಲೆಕ್ಕ ಸಿಕ್ಕೀತು.