ಹುಲ್ಲು, ಮಣ್ಣು, ಬಹುಮಾನ

ಕಲ್ಕತ್ತೆಯ ಉತ್ತರ ಭಾಗದಲ್ಲಿ, ಹೂಗ್ಲಿ ನದಿಯ ದಡಕ್ಕೆ ಅಂಟಿಕೊಂಡಂತೆ, ಕುಮಾರಟುಲಿ ಎಂಬ ಕುಂಬಾರರ ಕೇರಿಯಿದೆ. ಎದುರಿನಿಂದ ಒಬ್ಬರು ಬಂದರೆ ಇನ್ನೊಬ್ಬರು ಗೋಡೆಗೆ ಒರಗಿ ದಾರಿ ಬಿಡಬೇಕಾದಷ್ಟು ಇಕ್ಕಟ್ಟಾದ ಓಣಿಗಳು. ಎರಡು ಪಕ್ಕಗಳಲ್ಲಿಯೂ ತಗಡಿನ ಮಾಡುಗಳು. ಮಳೆಗಾಲದಲ್ಲಿ ಅಲ್ಲಿಗೆ ಹೋದವರಿಗೆ ಮೊದಲು ಕಾಣುವುದು ದೇವಿಯಲ್ಲ, ಹುಲ್ಲಿನ ಬೊಂಬೆ. ರುಂಡವಿಲ್ಲದೆ, ಬೆರಳುಗಳಿಲ್ಲದೆ, ಹತ್ತು ತೋಳುಗಳನ್ನು ಚಾಚಿ ನಿಂತ ಹುಲ್ಲಿನ ದುರ್ಗೆಯರ ಸಾಲು!

ಮರ ಮತ್ತು ಬಿದಿರಿನ ಚೌಕಟ್ಟಿಗೆ ಭತ್ತದ ಹುಲ್ಲನ್ನು ಹುರಿಯಿಂದ ಬಿಗಿದು, ಅದರ ಮೇಲೆ ಹೊಟ್ಟು ಬೆರೆಸಿದ ಅಂಟುಮಣ್ಣನ್ನೂ ಅನಂತರ ನದಿಯ ನುಣುಪು ಮಣ್ಣನ್ನೂ ಮೆತ್ತುತ್ತಾರೆ. ಬಿರುಕು ಬಿಟ್ಟಲ್ಲಿ ತೆಳುಬಟ್ಟೆಯ ಚೂರನ್ನು ಮಣ್ಣಿನ ರಾಡಿಯಲ್ಲಿ ಅದ್ದಿ ಅಂಟಿಸುತ್ತಾರೆ. ರುಂಡವನ್ನು ಬೇರೆಯಾಗಿ ಅಚ್ಚಿನಲ್ಲಿ ತೆಗೆದು ಕೂಡಿಸುವುದು. ಮಹಾಲಯ ಅಮಾವಾಸ್ಯೆಯಂದು ಕಣ್ಣು ಬರೆಯುವುದು ಸಂಪ್ರದಾಯ. ಪೂಜೆ ಮುಗಿದೊಡನೆ ನದಿಯ ಮಣ್ಣು ನದಿಗೇ ಮರಳುತ್ತದೆ.

ಇಂಥ ವಿನಮ್ರವಾದ ಕಲೆಗೆ ಬಹುಮಾನದ ಗದ್ದಲ ಸೇರಿದ್ದು ಈಚೆಗೆ. ಬಂಗಾಳದಲ್ಲಿ ದುರ್ಗಾಪೂಜೆಯನ್ನು ನಡೆಸುವುದು ಬೀದಿಯ ಜನ. ಪ್ರತಿಯೊಂದು 'ಪಾಡಾ'ಕ್ಕೂ, ಎಂದರೆ ಪ್ರತಿಯೊಂದು ಕೇರಿಗೂ, ಒಂದು ಸಂಘ, ಒಂದು ವಂತಿಗೆ, ಒಂದು ಪೆಂಡಾಲು. ಯಾರ ಪೂಜೆ ದೊಡ್ಡದೆಂಬುದನ್ನು ಹಿಂದೆ ದೀಪಗಳ ಝಗಝಗದಿಂದಲೂ ನೆರೆದ ಜನರಿಂದಲೂ ಅಳೆಯುತ್ತಿದ್ದರು. 1985ರಲ್ಲಿ ಏಷಿಯನ್ ಪೇಂಟ್ಸ್ ಎಂಬ ಬಣ್ಣದ ಕಂಪನಿಯು 'ಶಾರದ ಸಮ್ಮಾನ್' ಎಂಬ ಪುರಸ್ಕಾರವನ್ನು ಆರಂಭಿಸಿ, ಅಭಿರುಚಿಗೂ ಕಲೆಗೂ ಮನ್ನಣೆ ಕೊಟ್ಟಿತು. ಆ ಬಳಿಕ ಪೆಂಡಾಲಿನ ರೂಪವೇ ಬದಲಾಯಿತೆಂದರೆ ಉತ್ಪ್ರೇಕ್ಷೆಯಾಗಲಾರದು. ಪ್ರತಿಯೊಂದು ಕೇರಿಯೂ ಒಂದೊಂದು ವಿಷಯವನ್ನು ಆರಿಸಿಕೊಂಡು, ಕಲಾವಿದರನ್ನು ಕರೆತಂದು, ತಿಂಗಳುಗಟ್ಟಲೆ ದುಡಿಯತೊಡಗಿತು. 2001ರಲ್ಲಿ ಬೋಸ್‌ಪುಕುರ್ ಶೀತಲಾ ಮಂದಿರದವರು ಚಹ ಕುಡಿದು ಎಸೆಯುವ ಮಣ್ಣಿನ ಕುಡಿಕೆಗಳಿಂದಲೇ ಪೆಂಡಾಲನ್ನು ಅಲಂಕರಿಸಿದರು. ಬೀದಿ ಬದಿಯಲ್ಲಿ ಒಡೆದು ಬೀಳುವ ಕುಡಿಕೆಯನ್ನು ನೋಡಲು ಊರಿಗೆ ಊರೇ ಸಾಲುಗಟ್ಟಿ ನಿಂತಿತು.

ಈಗ ಬಹುಮಾನಗಳಿಗೆ ಲೆಕ್ಕವಿಲ್ಲ. ಮಹಾನಗರಪಾಲಿಕೆಯದೊಂದು, ರಾಜ್ಯ ಸರ್ಕಾರದ್ದೊಂದು, ಪತ್ರಿಕೆಗಳವು ಹಲವು. ಶುಚಿತ್ವ, ಪರಿಸರ ಇವೂ ತೀರ್ಪುಗಾರರ ಗಮನಕ್ಕೆ ಬಂದಿವೆ. ನೀರು, ಮರ, ಪ್ಲಾಸ್ಟಿಕ್ಕಿನ ಹಾವಳಿ ಇವೆಲ್ಲ ಪೆಂಡಾಲಿನ ವಿಷಯಗಳಾಗಿವೆ. ಮೆಚ್ಚತಕ್ಕದ್ದೇ. ಆದರೆ ಕಾಡನ್ನು ಉಳಿಸಿರೆಂದು ಸಾರುವ ಮಂಟಪವನ್ನು ಥರ್ಮೊಕೋಲಿನಲ್ಲಿ ಕೆತ್ತಿದರೆ, ಆ ಉಪದೇಶವನ್ನು ಹಬ್ಬ ಮುಗಿದ ಮೇಲೆ ಎಲ್ಲಿ ಹೂಳುವುದು? ಬಿದಿರು, ಬಟ್ಟೆ ಹೇಗೂ ಪೆಂಡಾಲು ಹಾಕಿದವನ ಉಗ್ರಾಣಕ್ಕೆ ಹಿಂದಿರುಗುತ್ತವೆ. ಕೆಲವು ಅಲಂಕಾರಗಳನ್ನು ಕಾಳೀಪೂಜೆಗಾಗಿ ಬೇರೆ ಊರಿನವರು ಕೊಂಡೊಯ್ಯುವುದೂ ಉಂಟು. ಹೊಸ ವಸ್ತುಗಳಿಗೆ ಮಾತ್ರ ಮರಳುವ ಮನೆಯಿಲ್ಲ. ದೇವಿಯ ಬೆಳ್ಳನೆಯ ಕಿರೀಟ ಹಿಂದೆ ಜೌಗು ನೆಲದಲ್ಲಿ ಬೆಳೆಯುವ ಶೋಲಾ ಗಿಡದ ತಿರುಳಿನದಾಗಿತ್ತು. ಅದರ ಬಿಳುಪನ್ನೇ ಅಗ್ಗದಲ್ಲಿ ಅನುಕರಿಸುತ್ತ ಥರ್ಮೊಕೋಲು ಬಂದಿತು.

ಕುಂಬಾರನ ಕಷ್ಟ ಬಣ್ಣದ್ದು. ಸುಣ್ಣದ ಮಣ್ಣಿನ ತಳ ಬಳಿದು, ಹುಣಿಸೆಬೀಜದ ಅಂಟಿನಲ್ಲಿ ಬಣ್ಣ ಕಲಸುವುದು ಹಳೆಯ ಪದ್ಧತಿ. ಹೊಳಪಿನ ಆಸೆಗೆ ಪೇಟೆಯ ಬಣ್ಣಗಳು ಬಂದವು. ಅವುಗಳೊಡನೆ ಸೀಸವೂ ಬಂದು ನದಿಗೆ ಇಳಿಯಿತು. ಕೇಂದ್ರದ ಮಾಲಿನ್ಯ ನಿಯಂತ್ರಣ ಮಂಡಳಿಯು 2010ರಲ್ಲಿ ವಿಸರ್ಜನೆಯ ನಿಯಮಗಳನ್ನು ಹೊರಡಿಸಿ, 2020ರಲ್ಲಿ ಅವನ್ನು ಬಿಗಿಗೊಳಿಸಿತು. ನಮ್ಮ ಕಡೆಯ ಗಣಪತಿಯನ್ನು ಕಾಡಿದ ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನ ವ್ಯಾಜ್ಯ ಕುಮಾರಟುಲಿಗೆ ಅಷ್ಟಾಗಿ ತಟ್ಟಲಿಲ್ಲ. ಮಣ್ಣನ್ನು ಅದು ಬಿಟ್ಟಿರಲಿಲ್ಲ. ಆದರೆ ಸೀಸವಿಲ್ಲದ ಬಣ್ಣಕ್ಕೆ ಬೆಲೆ ಹೆಚ್ಚು. ರಾಜ್ಯದ ಮಂಡಳಿಯು ಅದನ್ನು ಕುಂಬಾರರಿಗೆ ಉಚಿತವಾಗಿ ಹಂಚಿದ್ದೂ ಉಂಟು. ಅದು ಸಾಲದಾದಾಗ ಹೆಚ್ಚಿನ ಹಣ ಯಾರ ಕೈಯಿಂದ? ಬಹುಮಾನ ಸಂಘಕ್ಕೆ, ಹೆಸರು ವಿನ್ಯಾಸ ಮಾಡಿದ ಕಲಾವಿದನಿಗೆ. ಮೂರ್ತಿಯ ಬೆಲೆಯನ್ನು ಚೌಕಾಸಿ ಮಾಡಿಸಿಕೊಳ್ಳುವವನು ಮಾತ್ರ ಕುಂಬಾರ. ಹಸಿರು ಪೂಜೆಯೆಂದು ಫಲಕ ಪಡೆದ ಸಂಘವು ಆ ಬಣ್ಣದ ಬೆಲೆಯನ್ನೂ ಮೂರ್ತಿಯ ಬೆಲೆಯೊಡನೆ ಕೊಟ್ಟಿತೇ ಎಂದು ತೀರ್ಪುಗಾರರು ಕೇಳುವಂತಾದರೆ ಒಳಿತಿತ್ತು.

2021ರಲ್ಲಿ ಯುನೆಸ್ಕೋ ಕಲ್ಕತ್ತೆಯ ದುರ್ಗಾಪೂಜೆಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಕೇರಿಗಳ ಹುರುಪು ಇನ್ನಷ್ಟು ಏರಿತು.

ವಿಸರ್ಜನೆಯ ಸಂಜೆ ಬಾಬುಘಾಟಿನಲ್ಲಿಯೂ ಅದರ ನೆರೆಯ ಘಟ್ಟಗಳಲ್ಲಿಯೂ ಢಾಕಿನ ಬಡಿತಕ್ಕೆ ಕಿವಿ ಗಡಚಿಕ್ಕುತ್ತದೆ. ಹೂವು, ಆಭರಣಗಳನ್ನು ಮೊದಲೇ ಕಳಚಿ ತೊಟ್ಟಿಗೆ ಹಾಕಿಸುತ್ತಾರೆ. ಮೂರ್ತಿ ನೀರು ಮುಟ್ಟಿ ಸ್ವಲ್ಪ ಹೊತ್ತಿಗೆಲ್ಲ ಕ್ರೇನು ಅದನ್ನು ಮೇಲಕ್ಕೆತ್ತುತ್ತದೆ; ಹೆಂಗಸರು ಕಣ್ಣೊರೆಸಿಕೊಳ್ಳುತ್ತಿರುವಂತೆಯೇ ಮಣ್ಣು ಕರಗಿ ಹುಲ್ಲು ಹೊರಬಿದ್ದಿರುತ್ತದೆ. ಇನ್ನು ಕೆಲವು ಕಡೆ ಹುಡುಗರು ನೀರಿಗೆ ಧುಮುಕಿ ಚೌಕಟ್ಟುಗಳನ್ನು ದಡಕ್ಕೆಳೆದು ಮಾರುತ್ತಾರೆ. ಮುರಿಯದೆ ಉಳಿದದ್ದು ಗಾಡಿಯೇರಿ ಕುಮಾರಟುಲಿಯ ಇಕ್ಕಟ್ಟು ಓಣಿಗೆ ಮರಳುತ್ತದೆ, ಮುಂದಿನ ವರ್ಷದ ಹುಲ್ಲಿಗಾಗಿ.